ಸಂಡೂರಿನ ಫೈಲು ಮಾತ್ರ ಸುಲಭವಾಗಿತ್ತು

ಅಕ್ಕಿ ಮೂಟೆಯ ಮೂಲೆಯಲ್ಲಿ ಊರಿನ ಗುರುತು ಬಳಿದಿರುವುದನ್ನು ನೀವು ನೋಡಿರಬಹುದು. ನಮ್ಮ ಸಾಹುಕಾರರು ಅದಿರು ಸಾಗಣೆಗೆ ಇಳಿಯುವ ಮೊದಲು ಅಕ್ಕಿ ಗಿರಣಿ ನಡೆಸಿದವರು. ಯಾವ ಮೂಟೆ ಕಂಪ್ಲಿಯದು, ಯಾವುದು ದರೋಜಿ ಕಡೆಯದು ಎಂದು ಗೋಣಿಚೀಲದ ಮೂಲೆ ನೋಡಿಯೇ ಹೇಳುವುದು ಅವರಿಗೆ ರೂಢಿಯಾಗಿತ್ತು. ಗಣಿಯ ಕಾಲ ಬಂದು, ಹೊಸಪೇಟೆಯಲ್ಲಿ ಆಫೀಸು ತೆರೆದು, ಕಂಪ್ಯೂಟರು ತಂದು ಕೂರಿಸಿದ ಮೇಲೂ ಆ ರೂಢಿಯನ್ನು ಅವರು ಬಿಡಲಿಲ್ಲ. ಅದಿರು ತೂಗಿ ಲಾರಿಗೆ ತುಂಬುವ ಒಂದೊಂದು ಯಾರ್ಡಿನ ಫೈಲಿನ ಮೇಲೂ ಆ ಊರಿನ ಗುರುತು ಇರಲೇಬೇಕು ಎಂದರು. ಫೈಲಿಗೆ ಮೂಲೆ ಎಂದರೆ ಒಂದೇ, ಹೆಸರು ಮುಗಿದು ಚುಕ್ಕೆ ಹಾಕಿದ ಮೇಲೆ ಬರುವ ಮೂರು ಅಕ್ಷರ. ಉಳಿದ ಕಡೆಗಳಲ್ಲಿ ಆ ಮೂರು ಅಕ್ಷರ ನೋಡಿ ಇದು ಚಿತ್ರ, ಇದು ಹಾಡು, ಇದು ಪ್ರೋಗ್ರಾಮು ಎಂದು ಕಂಪ್ಯೂಟರು ತಿಳಿದುಕೊಳ್ಳುತ್ತದೆ. ನಮ್ಮಲ್ಲಿ ಅದು ಊರಿನ ಹೆಸರು. ಹೊಸಪೇಟೆ ಯಾರ್ಡಿಗೆ ಎಚ್‌ಪಿಟಿ, ಪಾಪಿನಾಯಕನಹಳ್ಳಿಗೆ ಪಿಎನ್‌ಎಚ್, ಸಂಡೂರಿಗೆ ಎಸ್‌ಎನ್‌ಡಿ. ಸಂಡೂರಿನ ಫೈಲಿನ ಮೇಲೆ ಒತ್ತಿದರೆ ಕಂಪ್ಯೂಟರು, ಪಾಪ, ಯಾವುದೋ ಹಾಡೆಂದು ತಿಳಿದು ಹಾಡು ಕೇಳಿಸುವ ಕಿಟಕಿ ತೆರೆಯುತ್ತಿತ್ತು. ಹಾಡು ಬಾರದೆ ಸುಮ್ಮನಾಗುತ್ತಿತ್ತು. ಆ ಮೂರಕ್ಷರಕ್ಕೆ ಆಫೀಸಿನಲ್ಲಿ ಎಲ್ಲರೂ ಬಾಲ ಎನ್ನುತ್ತಿದ್ದರು.

ನಗುವುದಾದರೆ ನಗಿ, ನನ್ನ ಬದುಕು ನೆಟ್ಟಗಾದದ್ದು ಅಂಥದೊಂದು ಬಾಲದಿಂದ. ಅದನ್ನು ಎಲ್ಲಿ ಕಟ್ಟಬೇಕೋ ಅಲ್ಲಿ ಕಟ್ಟಿದ ಒಬ್ಬ ಹೆಂಗಸಿನಿಂದ.

ನಾನು ಕಂಪ್ಲಿಯವನು. ಡಿಪ್ಲೊಮಾ ಮುಗಿಸಿ, ಲಾರಿಗಳ ತೂಕದ ಚೀಟಿ ಅಚ್ಚು ಮಾಡುವ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಆ ಆಫೀಸು ಸೇರಿದೆ. ನನ್ನ ಜೊತೆ ಹೊಸಪೇಟೆಯವನೇ ಆದ ಇನ್ನೊಬ್ಬ ಹುಡುಗನೂ ಸೇರಿದ. ಚುರುಕಿನವನು, ಮಾತಿಗೊಮ್ಮೆ ನಗಿಸುವವನು. ಸೇರಿದ ದಿನವೇ ಸಾಹುಕಾರರು ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, "ಯುಗಾದಿ ಮಟ ನೋಡ್ತೀನಿ. ಕೈ ಕುದುರಿದವಂಗ ಬೆಲ್ಲ, ಕುದುರದವಂಗ ಬೇವು" ಎಂದಿದ್ದರು. ಬೇವು ಎಂದರೆ ಮನೆಗೆ ಹೋಗುವುದು. ಮನೆಗೆ ಹೋದರೆ ಸೋದರಮಾವನ ಗಿರಣಿಯಲ್ಲಿ ತೌಡು ಮೈಗೆ ಮೆತ್ತಿಸಿಕೊಂಡು ನಿಲ್ಲುವುದು. ಗಿರಣಿ ಕೆಲಸ ಕೀಳೆಂದಲ್ಲ. ಆದರೆ "ಓದಿ ಏನ್ ಕಡದ್ಯಪ್ಪ" ಎಂದು ಮಾವ ದಿನಾ ಕೇಳುವುದು ನನಗೆ ಗ್ಯಾರಂಟಿ ಇತ್ತು. ಅದಕ್ಕಿಂತ ಹೆಚ್ಚಾಗಿ, ನಾನು ಮಂದ ಎಂದು ನನಗೇ ಒಳಗೊಳಗೆ ಅನುಮಾನವಿತ್ತು. ಕೆಲಸ ಹೋದರೆ ಆ ಅನುಮಾನಕ್ಕೆ ಮೊಹರು ಬಿದ್ದಂತೆಯೇ.

ನಮ್ಮ ಕೋಣೆಯ ಯಜಮಾನಿಕೆ ಅಕ್ಕೋರದು. ಹಿಂದೆ ಸಂಡೂರಿನಲ್ಲಿ ಶಾಲೆಯ ಅಕ್ಕೋರಾಗಿ ಮಕ್ಕಳಿಗೆ ಪಾಠ ಹೇಳುತ್ತಿದ್ದು, ಆಮೇಲೆ ಕಂಪ್ಯೂಟರು ಕಲಿತು, ಮದುವೆಯಾಗಿ ಹೊಸಪೇಟೆಗೆ ಬಂದವರು. ಶಾಲೆ ಬಿಟ್ಟರೂ ಹೆಸರು ಬಿಡಲಿಲ್ಲ, ಸಾಹುಕಾರರೂ ಹಾಗೇ ಕರೆಯುತ್ತಿದ್ದರು. ಬೈಗುಳಕ್ಕೆ ಅವರದು ಎತ್ತಿದ ಕೈ. ಚಪ್ಪಲಿ ಹೊರಗೆ ಬಿಡದೆ ಒಳಗೆ ಕಾಲಿಟ್ಟರೆ, ಅದಿರಿನ ಧೂಳು ಒಳಗೆ ಬಂತೆಂದು ನಮ್ಮ ಹಿರಿಯರನ್ನೆಲ್ಲ ನೆನೆಯುತ್ತಿದ್ದರು. ಧೂಳು ಹೇಗೂ ಬರುತ್ತಿತ್ತು, ಕಿಟಕಿಯಿಂದ, ಬಾಗಿಲ ಸಂದಿಯಿಂದ, ನಮ್ಮ ತಲೆಗೂದಲಿನಿಂದ. ರಸ್ತೆಯಲ್ಲಿ ಬೆಳಗಿನಿಂದ ಲಾರಿಗಳ ಸಾಲು. ಕೆಂಪು ಧೂಳು ಕುಂತು ಬೇವಿನ ಗಿಡ ಹೋಗಿ ಇಟ್ಟಿಗೆ ಗಿಡ ಆಗ್ಯಾವ ಎಂದು ಜನ ಮರುಗುತ್ತಿದ್ದರು. ಹಸಿರು ನೋಡಬೇಕೆನಿಸಿದರೆ ಭಾನುವಾರ ಹಂಪಿ ಕಡೆ ಬಾಳೆತೋಟಗಳಿಗೆ ಹೋಗುತ್ತಿದ್ದರು. ನಾನೂ ಹೋಗುತ್ತಿದ್ದೆ, ಹೌದು ಹೌದು ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಹಂಪಿಯ ಮರಕ್ಕೂ ಹೊಸಪೇಟೆಯ ಮರಕ್ಕೂ ನನಗೆ ಅಂಥ ವ್ಯತ್ಯಾಸ ಕಾಣುತ್ತಿರಲಿಲ್ಲ. ಮರದ ಬಗ್ಗೆ ಇವರಿಗೆಲ್ಲ ನನಗಿಂತ ಪ್ರೀತಿ ಜಾಸ್ತಿ ಇರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಕೆಲಸ ಹೇಗಿತ್ತೆಂದು ಸ್ವಲ್ಪ ಹೇಳುತ್ತೇನೆ. ಪ್ರೋಗ್ರಾಮಿನಲ್ಲಿ ಮೂರು ಬಗೆಯ ಸಾಲುಗಳು ಇರುತ್ತಿದ್ದವು. ಕಂಪ್ಯೂಟರಿಗೆ ಕೊಡುವ ಅಪ್ಪಣೆ ಒಂದು ಬಗೆ. ಚೀಟಿಯ ಮೇಲೆ ಅಚ್ಚಾಗಬೇಕಾದ ಮಾತು ಇನ್ನೊಂದು, ಅಂದರೆ ಯಾರ್ಡಿನ ಹೆಸರು, ಗಾಡಿ ನಂಬರು, ಹೀಗೆ. ಮುಂದೆ ಓದುವವರಿಗೆ ಅನುಕೂಲವಾಗಲಿ ಎಂದು ನಾವೇ ಬರೆದಿಟ್ಟುಕೊಂಡ ಟಿಪ್ಪಣಿ ಮೂರನೆಯದು. ಟಿಪ್ಪಣಿ ಅಳಿಸಿದರೆ ಏನೂ ಕೆಡುವುದಿಲ್ಲ. ಉಳಿದ ಎರಡರಲ್ಲಿ ಕೈಯಾಡಿಸಿದರೆ ಯಾರ್ಡಿನಲ್ಲಿ ಗಾಡಿ ನಿಲ್ಲುತ್ತದೆ. ಮೊದಮೊದಲು ಎಲ್ಲವೂ ಬಿಳಿಯ ಮೇಲೆ ಕಪ್ಪು. ಯಾವುದು ಅಪ್ಪಣೆ, ಯಾವುದು ಟಿಪ್ಪಣಿ ಎಂದು ಒಂದೊಂದು ಸಾಲಿಗೂ ಬೆರಳಿಟ್ಟು ಓದಬೇಕಿತ್ತು. ಓದುವುದರಲ್ಲಿ ನಾನು ಆಗ ಯಾರಿಗೂ ಕಡಿಮೆ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅಕ್ಕೋರು ಇಂಟರ್ನೆಟ್ಟಿನಿಂದ, ಪ್ರೋಗ್ರಾಮು ತೆರೆದು ತಿದ್ದಲು ಹೊಸ ಟೆಕ್ಸ್ಟ್ ಎಡಿಟರ್ ಇಳಿಸಿಕೊಂಡರು, ಪುಕ್ಕಟೆಯದು. ಪ್ರೋಗ್ರಾಮು ಬರೆದ ಭಾಷೆ ಯಾವುದೆಂದು ಗೊತ್ತಾದರೆ ಅದು ಒಂದೊಂದು ಬಗೆಯ ಸಾಲಿಗೂ ಒಂದೊಂದು ಬಣ್ಣ ಹಚ್ಚಿ ತೋರಿಸುತ್ತಿತ್ತು. ಆದರೆ ಭಾಷೆ ಗೊತ್ತಾಗುವುದು ಬಾಲ ನೋಡಿ. ನಮ್ಮ ಊರ ಹೆಸರಿನ ಬಾಲ ಕಂಡು ಅದೂ ಕಕ್ಕಾಬಿಕ್ಕಿಯಾಗಿ ಎಲ್ಲವನ್ನೂ ಕಪ್ಪಗೇ ತೋರಿಸಿತು. ಅಕ್ಕೋರು ಬಿಡಲಿಲ್ಲ. ಸೆಟ್ಟಿಂಗ್ಸಿನೊಳಗೆ ಹೋಗಿ, ಶಾಲೆಯ ಮಕ್ಕಳಿಗೆ ಹೇಳಿಕೊಡುವಂತೆ, "ಎಚ್‌ಪಿಟಿ ಅಂದ್ರ ಇದ ಭಾಷಾ, ಪಿಎನ್‌ಎಚ್ ಅಂದ್ರೂ ಇದ ಭಾಷಾ" ಎಂದು ಬಾಯಲ್ಲಿ ಹೇಳುತ್ತ ಒಂದೊಂದೇ ಬಾಲವನ್ನು ಸೇರಿಸಿದರು. ಒಮ್ಮೆಗೇ ಪರದೆಯ ಮೇಲೆ ಬಣ್ಣ ಬಂತು. ಅಪ್ಪಣೆ ನೀಲಿ, ಅಚ್ಚಾಗುವ ಮಾತು ಕೆಂಪು, ಟಿಪ್ಪಣಿ ಹಸಿರು. ನನ್ನ ಜೊತೆಗಾರ ಕುರ್ಚಿಯಿಂದ ಎದ್ದೇಬಿಟ್ಟ. "ಮಸ್ತ್ ಆತ್ರಿ ಅಕ್ಕೋರೆ. ಇನ್ನ ಓದಾದು ಬ್ಯಾಡ, ನೋಡಿದ್ರ ಸಾಕು" ಎಂದ.

ಅವನಿಗೆ ಅದು ನಿಜವೇ ಆಯಿತು. ಒಂದು ಫೈಲಿನಲ್ಲಿ ನಾನು ಅರ್ಧ ದಾಟುವಷ್ಟರಲ್ಲಿ ಅವನು ಮೂರು ಮುಗಿಸಿ ಚಹಾಕ್ಕೆ ಹೋಗುತ್ತಿದ್ದ. ನನಗೆ ನೀಲಿ ನೀಲಿಯಾಗಿಯೇ ಕಾಣುತ್ತಿತ್ತು. ಉಳಿದದ್ದೆಲ್ಲ ಒಂದೇ ಕೆಸರು. ಕಪ್ಪು ಬಿಳುಪಿನ ಕಾಲವೇ ಚೆನ್ನಾಗಿತ್ತು, ಅಕ್ಷರವಾದರೂ ಗಟ್ಟಿಯಾಗಿ ಕಾಣುತ್ತಿತ್ತು. ಆದರೆ ಎಲ್ಲರೂ ಹೊಗಳುವ ವಸ್ತುವನ್ನು ನಾನೊಬ್ಬ ಕಷ್ಟ ಎಂದರೆ ಏನಾಗುತ್ತದೆಂದು ಗೊತ್ತಿತ್ತು. ನನ್ನ ಮಂದತನ ನಾನೇ ಡಂಗುರ ಸಾರಿದಂತೆ. ಬಾಯಿ ಮುಚ್ಚಿಕೊಂಡು ಕಣ್ಣನ್ನು ಪರದೆಗೆ ಇನ್ನೂ ಹತ್ತಿರ ತಂದೆ.

ಹಾಗೆ ಇರುವಾಗಲೇ ಪಾಪಿನಾಯಕನಹಳ್ಳಿಯ ಪ್ರಸಂಗ ನಡೆಯಿತು. ಆ ಯಾರ್ಡಿನ ಫೈಲಿನಲ್ಲಿ ಹಳೆಯ ಟಿಪ್ಪಣಿಗಳು ತುಂಬಿಕೊಂಡಿವೆ, ಗುಡಿಸಿ ಚೊಕ್ಕ ಮಾಡು ಎಂದು ಅಕ್ಕೋರು ನನಗೆ ಹೇಳಿದರು. ಟಿಪ್ಪಣಿಯ ಮುಂದೆ ನಾವು ಒಂದು ಗುರುತು ಹಾಕುತ್ತಿದ್ದೆವು. ದುರದೃಷ್ಟಕ್ಕೆ ಚೀಟಿಯಲ್ಲಿ ಗಾಡಿ ನಂಬರಿನ ಮುಂದೆ ಬರುವುದೂ ಅದೇ ಗುರುತು. ಬಣ್ಣ ಕಾಣುವವನಿಗೆ ಒಂದು ಕೆಂಪು, ಒಂದು ಹಸಿರು. ನಾನು ಎರಡನ್ನೂ ಕಸವೆಂದು ಗುಡಿಸಿದೆ. ಮರುದಿನ ಬೆಳಿಗ್ಗೆ ಅಲ್ಲಿಂದ ಹೊರಟ ಚೀಟಿಗಳಲ್ಲಿ ಗಾಡಿ ನಂಬರೇ ಇಲ್ಲ. ಮುಂದಿನ ತನಿಖಾ ಠಾಣೆಯವರು ಆ ಚೀಟಿ ಒಪ್ಪಲಿಲ್ಲ. ಲಾರಿಗಳು ರಸ್ತೆಯುದ್ದಕ್ಕೂ ನಿಂತವು. ಡ್ರೈವರುಗಳು ಹಾರನ್ನು ಒತ್ತಿ ಹಿಡಿದ ಸದ್ದು ಫೋನಿನಲ್ಲೇ ಕೇಳಿಸುತ್ತಿತ್ತು.

ಅಕ್ಕೋರು ಅರ್ಧ ಗಂಟೆಯೊಳಗೆ ಸರಿಪಡಿಸಿ, ಕುರ್ಚಿ ನನ್ನ ಕಡೆ ತಿರುಗಿಸಿದರು. "ಕಣ್ಣು ಎಲ್ಲಿಟ್ಟಿದ್ದಿ ಲೇ? ಅಷ್ಟು ಕೆಂಪಗ ಕಾಣಾದು ನಿನಗ ಕಾಣಲಿಲ್ಲೇನು?"

"ನೋಡೀನ್ರಿ ಅಕ್ಕೋರೆ. ಟಿಪ್ಪಣಿ ಅಂತ ತಿಳದೆ."

"ನೋಡಿ ತಿಳದ್ಯಾ?"

"ಹೌದ್ರಿ. ಭಾಳ ಹೊತ್ತು ನೋಡಿದೆ."

ಅವರು ಇನ್ನೇನೋ ಹೇಳಲು ಬಾಯಿ ತೆರೆದವರು ಹೇಳಲಿಲ್ಲ. ಬೈಗುಳ ಅರ್ಧಕ್ಕೇ ನಿಂತದ್ದು ನನಗೆ ಪೂರ್ತಿ ಬೈಗುಳಕ್ಕಿಂತ ಹೆದರಿಕೆ ಹುಟ್ಟಿಸಿತು. ಇನ್ನು ಇವನಿಗೆ ಹೇಳಿ ಉಪಯೋಗವಿಲ್ಲ ಎಂದು ಕೈಬಿಟ್ಟಿರಬೇಕು ಎಂದುಕೊಂಡೆ.

ಆವತ್ತು ಮಧ್ಯಾಹ್ನ ಎಂದಿನಂತೆ ಊಟಕ್ಕೆ ಕೂತೆವು. ಅಕ್ಕೋರ ಬುತ್ತಿಯಲ್ಲಿ ರೊಟ್ಟಿಯ ಜೊತೆ ಯಾವಾಗಲೂ ಎರಡು ಸ್ಟೀಲಿನ ಡಬ್ಬಿ ಇರುತ್ತಿದ್ದವು. ಒಂದರಲ್ಲಿ ಹಣ್ಣು ಮೆಣಸಿನಕಾಯಿ ಕುಟ್ಟಿದ ಕೆಂಪು ಖಾರ, ಒಂದರಲ್ಲಿ ಹಸಿರು ಮೆಣಸಿನಕಾಯಿಯ ಹಸಿ ಖಾರ. ಮುಚ್ಚಳ ತೆಗೆದಿಟ್ಟ ಡಬ್ಬಿ ಎರಡೂ ಒಂದೇ ಥರ. "ಕೆಂಪು ಖಾರ ಇತ್ಲಾಗ ಕೊಡು" ಎಂದರು. ನಾನು ಒಂದು ಡಬ್ಬಿ ಎತ್ತಿ, ಮೂಗಿನ ಹತ್ತಿರ ಹಿಡಿದು, ಕೆಳಗಿಟ್ಟು, ಇನ್ನೊಂದನ್ನು ಕೊಟ್ಟೆ. ಅದು ನನಗೆ ಎಳೆಯಂದಿನ ಚಾಳಿ. ಕಂಪ್ಲಿಯಲ್ಲಿ ಹಿತ್ತಲಿಂದ ಹಣ್ಣಾದ ಟೊಮೆಟೊ ಕಿತ್ತು ತಾ ಎಂದರೆ ಕಾಯಿ, ಹಣ್ಣು ಬೆರೆಸಿ ತರುತ್ತಿದ್ದೆ. "ನೋಡಿ ತರಾಕ ಏನು ರೋಗ" ಎಂದು ಅವ್ವ ಬೈಯುತ್ತಿದ್ದಳು. ಬೈಸಿಕೊಂಡು ಬೈಸಿಕೊಂಡು ಒತ್ತಿ ನೋಡುವುದು, ಮೂಸಿ ನೋಡುವುದು ಕಲಿತುಬಿಟ್ಟಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ, ನಾನು ತುಸು ನಿಧಾನ ಎಂದಷ್ಟೇ ತಿಳಿದಿದ್ದೆ.

ಅಕ್ಕೋರು ಡಬ್ಬಿ ಇಸಿದುಕೊಂಡು ನನ್ನ ಮುಖ ನೋಡಿದರು. ಆಮೇಲೆ ರೊಟ್ಟಿ ಮುರಿದು ಉಣ್ಣತೊಡಗಿದರು. ಮಾರನೇ ದಿನ ಹಸಿ ಖಾರ ಗಾಜಿನ ಸೀಸೆಯಲ್ಲಿ ಬಂದಿತ್ತು. ಡಬ್ಬಿ ಸೋರುತ್ತಿರಬೇಕು ಎಂದುಕೊಂಡೆ.

ಅದೇ ವಾರ ಅಕ್ಕೋರು ಕೆಲಸ ಹಂಚುವ ರೀತಿ ಬದಲಾಯಿಸಿದರು. "ನೀ ಇನ್ನ ಮ್ಯಾಲೆ ಸಂಡೂರು ಯಾರ್ಡ್ ಅಷ್ಟ ನೋಡು. ಬ್ಯಾರೆ ಯಾವುದೂ ಮುಟ್ಟಬ್ಯಾಡ. ಸಂಡೂರಿಂದು ಬ್ಯಾರೆಯಾರೂ ಮುಟ್ಟಂಗಿಲ್ಲ" ಎಂದರು. ಶಿಕ್ಷೆಯೇ ಸರಿ. ಜೊತೆಗಾರನಿಗೆ ಉಳಿದೆಲ್ಲ ಊರು, ನನಗೆ ಒಂದು. ಮುಖ ಇಳಿಬಿಟ್ಟುಕೊಂಡು ಸಂಡೂರಿನ ಫೈಲು ತೆರೆದೆ.

ತೆರೆದು ನೋಡಿದರೆ, ಎಲ್ಲ ಅರ್ಥವಾಗುತ್ತಿತ್ತು. ಅಪ್ಪಣೆಗಳು ದಪ್ಪ ಕಪ್ಪಾಗಿ ನಿಂತಿದ್ದವು. ಚೀಟಿಯ ಮೇಲೆ ಬರುವ ಮಾತುಗಳ ಹಿಂದೆ ಹೊಸ್ತಿಲಿಗೆ ಅರಿಸಿನ ಬಳಿದಂತೆ ಹಳದಿ. ಟಿಪ್ಪಣಿಗಳು ತಿಳಿನೀಲಿಯಾಗಿ ದೂರ ಸರಿದು ಕೂತಿದ್ದವು. ಬೆರಳಿಡದೆ, ಕಣ್ಣು ಕಿರಿದು ಮಾಡದೆ, ಮೇಲಿನಿಂದ ಕೆಳಗೆ ಇಳಿದುಬಿಟ್ಟೆ. ಆ ವಾರದಲ್ಲಿ ನಾನು ಮಾಡಿದಷ್ಟು ಕೆಲಸ ಅದಕ್ಕೆ ಹಿಂದಿನ ತಿಂಗಳಿಡೀ ಮಾಡಿರಲಿಲ್ಲ. ನನ್ನ ಬುದ್ಧಿಗೆ ಹೊಳೆದ ಕಾರಣ ಏನು ಗೊತ್ತೆ? ಸಂಡೂರಿನ ಪ್ರೋಗ್ರಾಮು ಬರೆದವರು ಜಾಣರು, ಹೊಸಪೇಟೆಯದು ಬರೆದವರು ದಡ್ಡರು. ಊರಿಗೊಂದು ಬಾಲ ಇರುವಾಗ ಊರಿಗೊಂದು ಬಣ್ಣವೂ ಇರಬಹುದು ಎಂದು ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ. ಅಕ್ಕೋರಿಗೆ ಹೇಳಿಯೂ ಹೇಳಿದೆ. "ಸಂಡೂರಿಂದು ಭಾಳ ಚಂದ ಬರದಾರ ನೋಡ್ರಿ ಅಕ್ಕೋರೆ. ಹೊಸಪೇಟಿದು ಏನಂದ್ರ ಏನೂ ತಿಳಿಯಾಂಗಿಲ್ಲ."

ಅವರು ತಲೆಯೆತ್ತದೆ, "ನಮ್ಮೂರು ಅಲ್ಲೇನು. ಅಲ್ಲೀದು ಎಲ್ಲಾ ಚಂದಾನ ಇರ್ತೈತಿ" ಎಂದರು.

ಯುಗಾದಿ ಹತ್ತಿರ ಬಂತು. ಹಬ್ಬದ ಹಿಂದಿನ ದಿನ ಬೆಳಿಗ್ಗೆ, ಕೆಲಸ ಶುರುವಾಗುವ ಮೊದಲೇ ಸಾಹುಕಾರರು ಕೋಣೆಗೆ ಬಂದು, ನಮ್ಮ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತರು. ಮೊದಲು ಜೊತೆಗಾರನನ್ನು ಕೇಳಿದರು, ಅವನು ಫೈಲು ತೆರೆಯದೆ, ತಾನು ಮಾಡಿದ್ದ ಚೀಟಿಗಳನ್ನು ಮುಂದಿಟ್ಟು ಮಾತಾಡುತ್ತಲೇ ಮುಗಿಸಿದ. ನನ್ನ ಸರದಿ ಬಂತು. ಸಂಡೂರಿನದು ಕೇಳಲಿ ಎಂದು ಮನಸ್ಸಿನಲ್ಲೇ ಮೊರೆಯಿಟ್ಟೆ.

"ಹೊಸಪೇಟಿ ಯಾರ್ಡಿಂದು ತೆಗಿ" ಎಂದರು ಸಾಹುಕಾರರು. "ಚೀಟಿ ಮ್ಯಾಲ ಡ್ರೈವರ್ ಹೆಸರೂ ಬರಬೇಕು. ಈಗ ಮಾಡಿ ತೋರಸು."

ಮುಗಿಯಿತು ಎಂದುಕೊಂಡೆ. ತಿಂಗಳಿಗೂ ಹೆಚ್ಚು ಕಾಲದಿಂದ ಆ ಫೈಲು ತೆರೆದಿರಲಿಲ್ಲ. ಗಿರಣಿಯ ತೌಡಿನ ವಾಸನೆ ಮೂಗಿಗೆ ಬಂದಂತಾಯಿತು. ಫೈಲಿನ ಮೇಲೆ ಒತ್ತಿದೆ.

ಅರಿಸಿನ, ತಿಳಿನೀಲಿ, ದಪ್ಪ ಕಪ್ಪು. ಹೊಸಪೇಟೆಯೂ ಸಂಡೂರಾಗಿಬಿಟ್ಟಿತ್ತು.

ಹಿಂದಿನಿಂದ ಜೊತೆಗಾರ, "ಇದೇನ್ರಿ ಅಕ್ಕೋರೆ, ನಿನ್ನೆ ಮಟ ಕೆಂಪು ಹಸಿರು ಇತ್ತು" ಎಂದ. ಸಾಹುಕಾರರೂ ಬಗ್ಗಿ ನೋಡಿ, "ಹೌದವ್ವ, ಏನಿದು ಅರಿಸಿನ ಬಳದಂಗ?" ಎಂದರು.

"ನಾನ ಬದಲಿ ಮಾಡೀನ್ರಿ" ಎಂದರು ಅಕ್ಕೋರು, ತಮ್ಮ ಜಾಗದಿಂದ ಏಳದೆ. "ನನಗ ಚಾಳೀಸು ಬಂತ್ರಿ ಸಾವ್ಕಾರ್ರೆ. ಆ ಕೆಂಪು ಹಸಿರು ಕಣ್ಣಿಗೆ ಚುಚ್ಚತೈತಿ. ಇನ್ನ ಎಲ್ಲಾ ಯಾರ್ಡಿಗೂ ಇದ ಬಣ್ಣ."

"ನಿಮ್ಮ ಕಣ್ಣು ಮುಖ್ಯ ಬಿಡ್ರಿ" ಎಂದು ಸಾಹುಕಾರರು ಮತ್ತೆ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ನಾನು ಹಳದಿಯ ಜಾಗ ಹುಡುಕಿ, ಗಾಡಿ ನಂಬರಿನ ಕೆಳಗೆ ಡ್ರೈವರ್ ಹೆಸರು ಸೇರಿಸಿ, ಚೀಟಿ ಅಚ್ಚಿಗೆ ಕೊಟ್ಟಾಗಿತ್ತು. ಸಾಹುಕಾರರು ಚೀಟಿ ಹರಿದುಕೊಂಡು ನೋಡಿ ಜೇಬಿಗೆ ಹಾಕಿಕೊಂಡರು. "ಇಬ್ಬರಿಗೂ ಬೆಲ್ಲ" ಎಂದು ಎದ್ದು ಹೋದರು.

ಸಂತೋಷ ಆಗಬೇಕಿತ್ತು, ಆಯಿತು ಕೂಡ. ಆದರೆ ಅದರ ಕೆಳಗೆ ಇನ್ನೇನೋ ಕುದಿಯುತ್ತಿತ್ತು. ಹೊಸಪೇಟೆಯ ಫೈಲಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅದೇ ದಡ್ಡರು ಬರೆದದ್ದು. ಬದಲಾದದ್ದು ಬಣ್ಣ ಮಾತ್ರ. ಎಲ್ಲರೂ ಚಹಾಕ್ಕೆ ಹೋದಾಗ ಎಡಿಟರಿನ ಸೆಟ್ಟಿಂಗ್ಸು ತೆರೆದೆ. ಅಕ್ಕೋರು ಅದೇ ಭಾಷೆಯನ್ನು ಬೇರೆ ಹೆಸರಿನಲ್ಲಿ ಎರಡನೇ ಸಲ ಸೇರಿಸಿ, ಅದಕ್ಕೆ ಬೇರೆ ಬಣ್ಣ ಕೊಟ್ಟು, ಸಂಡೂರಿನ ಬಾಲವೊಂದನ್ನೇ ಅದಕ್ಕೆ ಕಟ್ಟಿದ್ದರು. ನಮ್ಮಲ್ಲಿ ಯಾರು ಯಾವ ಕಂಪ್ಯೂಟರಿಗೆ ಕೂರುತ್ತಾರೆಂಬ ನೇಮವಿರಲಿಲ್ಲ. ಒಂದು ಕಂಪ್ಯೂಟರಿನ ಬಣ್ಣ ಬದಲಿಸಿದರೆ ಎಲ್ಲರೂ ಯಾಕೆಂದು ಕೇಳುತ್ತಿದ್ದರು. ಆದ್ದರಿಂದ ಮೂರೂ ಕಂಪ್ಯೂಟರಿನಲ್ಲಿ ಒಂದು ಊರಿಗೆ ಮಾತ್ರ ಬಣ್ಣ ಬದಲಿಸಿ, ಆ ಊರನ್ನು ನನ್ನ ಕೈಗೆ ಕೊಟ್ಟಿದ್ದರು. ಈಗ ಉಳಿದ ಊರುಗಳೂ ಆ ಬಾಲದ ಪಕ್ಕದಲ್ಲಿ ಬಂದು ಕೂತಿದ್ದವು. ಗಾಜಿನ ಸೀಸೆ ಆಗ ನೆನಪಾಯಿತು. ಮೆಣಸಿನಕಾಯಿ, ಟೊಮೆಟೊ, ಅವ್ವನ ಬೈಗುಳ, ಹಂಪಿಯ ಮರ, ಎಲ್ಲ ಒಂದರ ಹಿಂದೊಂದು ಬಂದವು. ನಾನು ಮಂದನಲ್ಲ. ನನ್ನ ಕಣ್ಣಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ, ಅಷ್ಟೇ. ಇಷ್ಟು ಸಣ್ಣ ಸಂಗತಿ ತಿಳಿಯಲು ಇಪ್ಪತ್ತು ವರ್ಷ ದಾಟಬೇಕಾಯಿತು. ಕಣ್ಣಲ್ಲಿ ನೀರು ಬಂದು ಪರದೆಯ ಎಲ್ಲ ಬಣ್ಣವೂ ಕಲಸಿಹೋಯಿತು.

ಸಂಜೆ ಆಫೀಸಿನ ಅಂಗಳದಲ್ಲಿ ಅಕ್ಕೋರು ಬೇವಿನ ಗಿಡದ ಕೆಳಗೆ ನಿಂತಿದ್ದರು. "ನಾಳೆ ಬೇವು ಬೆಲ್ಲಕ್ಕ ನಾಕು ಎಸಳು ಕಿತ್ತುಕೊಡು, ನನಗ ಎಟುಕವಲ್ದು" ಎಂದರು. ಕಿತ್ತುಕೊಡುತ್ತ, ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಕೆಂಪು ಖಾರ ಮೂಸಿ ಕೊಡಾವ ನನ್ನ ತಮ್ಮ ಒಬ್ಬ ಇದ್ದ. ಆಮ್ಯಾಲ ನಿನ್ನ ನೋಡಿದೆ" ಎಂದರು. ಅವರ ತಮ್ಮ ರೈಲು ಎಂಜಿನ್ ಓಡಿಸಬೇಕೆಂದು ಹೋದವನು. ಕಣ್ಣಿನ ಪರೀಕ್ಷೆಯಲ್ಲಿ ವಾಪಸು ಕಳಿಸಿದರಂತೆ. "ಹೋದದ್ದು ಎಂಜಿನ್ ಒಂದ, ಆದ್ರ ಊರಾಗ ಎಲ್ಲಾರೂ ಕುರುಡ ಅಂತ ಹೆಸರಿಟ್ರು. ಆಮ್ಯಾಲ ಯಾರೂ ಅವನ ಕೈಗೆ ಯಾವ ಕೆಲಸಾನೂ ಕೊಡಲಿಲ್ಲ. ನಿನಗ ಹಂಗ ಆಗೂದು ಬ್ಯಾಡಾಗಿತ್ತು. ಅದಕ್ಕ ಬಾಯಿ ಬಿಡಲಿಲ್ಲ."

"ಸಾವ್ಕಾರ್ರ ಮುಂದ ನಿಮ್ಮ ಕಣ್ಣಿನ ಮ್ಯಾಲ ಹಾಕ್ಕೊಂಡ್ರಿ."

"ನನ್ನ ಕಣ್ಣಿಗೇನಾಗೈತಿ ಈಗ. ಹೆಂಗಿದ್ರೂ ಚಾಳೀಸು ಬರೂದ ಐತಿ."

ನಮ್ಮ ಕಡೆ ಮನೆಯವರಿಗೆ, ಮನೆಯವರಂಥವರಿಗೆ ಥ್ಯಾಂಕ್ಸ್ ಹೇಳುವ ವಾಡಿಕೆಯಿಲ್ಲ. ಹೇಳಿದರೆ ದೂರ ಮಾಡಿದಂತೆ. ಆದ್ದರಿಂದ ಕೈಯಲ್ಲಿದ್ದ ಎಸಳನ್ನು ಅವರ ಕಡೆ ಚಾಚಿದೆ. ಅವರು ನೋಡಿ ನಕ್ಕುಬಿಟ್ಟರು. "ಲೇ, ಪೂರಾ ಧೂಳು ಕುಂತು ಕೆಂಪಾದದ್ದು ಹುಡುಕಿ ಕಿತ್ತೀದಿ. ಮ್ಯಾಲಿಂದು ಹಸರು ಐತಿ, ಅದನ್ನ ಕೀಳು."

ನಾನು ಮೇಲೆ ನೋಡಿದೆ, ಕೆಳಗೆ ನೋಡಿದೆ. "ನನಗ ಎರಡೂ ಒಂದ ಕಾಣ್ತಾವ್ರಿ ಅಕ್ಕೋರೆ. ಗಿಡ ಪೂರಾ ಹಸರ ಕಾಣ್ತೈತಿ."

ಅವರೂ ತಲೆಯೆತ್ತಿ ಗಿಡ ನೋಡಿದರು. ಗೇಟಿನಾಚೆ ಲಾರಿಯೊಂದು ಹಾದುಹೋಯಿತು.

"ಹಂಗಾದ್ರ ಈ ಹೊಸಪ್ಯಾಟ್ಯಾಗ ಹಸರು ಗಿಡ ಕಾಣಾವ ನೀ ಒಬ್ಬನ ನೋಡಪ" ಎಂದರು. ಸೆರಗಿನಿಂದ ಆ ಎಸಳಿನ ಧೂಳು ಒರೆಸಿ, ಅರ್ಧ ತಾವಿಟ್ಟುಕೊಂಡು, ಅರ್ಧ ನನ್ನ ಕೈಗೆ ಕೊಟ್ಟರು. ಮರುದಿನ ಕಂಪ್ಲಿಯ ಮನೆಯಲ್ಲಿ ನಾವು ಬೆಲ್ಲದ ಜೊತೆ ತಿಂದದ್ದು ಅದೇ ಬೇವು.